ಮಿನುಗುವ ಪರದೆ ಮತ್ತು ಒಂದು ಪದಪಟ್ಟಿ

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಹಾದಿಯಲ್ಲಿ ಕಿಣತ್ತುಕಡವು ಸಿಗುತ್ತದೆ. ಈ ಜಿಲ್ಲೆಯ ಅನೇಕ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಕನ್ನಡವು ಮನೆಮಾತಾಗಿ ಉಳಿದಿದೆ. ಓದುಬರೆಹ ಮಾತ್ರ ಹೆಚ್ಚಾಗಿ ತಮಿಳಿನದು. ಅಂಥ ಮನೆಗಳ ಪದಗಳನ್ನು ಕೂಡಿಡಲು ನಮ್ಮ ಸಣ್ಣ ಗುಂಪು ಒಂದು ತಂತ್ರಾಂಶವನ್ನು ಸಿದ್ಧಪಡಿಸಿಕೊಂಡಿತು. ಎಡಕ್ಕೆ ಪದಪಟ್ಟಿ, ಬಲಕ್ಕೆ ಆಯ್ದ ಪದದ ಕನ್ನಡ ರೂಪ, ತಮಿಳು ಲಿಪಿಯ ರೂಪ, ಅರ್ಥ. ಹಿರಿಯರನ್ನು ಮುಂದೆ ಕೂರಿಸಿಕೊಂಡು ಒಂದೊಂದು ಪದಕ್ಕೂ ಅವರ ಒಪ್ಪಿಗೆ ಪಡೆಯಬೇಕಾಗಿತ್ತು. ಆದರೆ ಪದ ಬದಲಾದಾಗಲೆಲ್ಲ ಬಲಭಾಗವು ಒಮ್ಮೆ ಬೆಳ್ಳಗೆ ಮಿಂಚಿ ಮರೆಯಾಗುತ್ತಿತ್ತು. ಹತ್ತು ಪದ ದಾಟುವಷ್ಟರಲ್ಲಿ ಹಿರಿಯರು ಕಣ್ಣುಜ್ಜಿಕೊಂಡು ಎದ್ದುಬಿಡುತ್ತಿದ್ದರು.

ಗಣಕವು ನಿಧಾನವಾಗಿದೆಯೆಂದು ನಾವು ಭಾವಿಸಿದ್ದೆವು. ಅದು ತಪ್ಪು. ಪಟ್ಟಿಯನ್ನು ರಚಿಸಿದ್ದು 2002ರಲ್ಲಿ ಡಾಟ್‌ನೆಟ್ ಜೊತೆ ಬಂದ ವಿಂಡೋಸ್ ಫಾರ್ಮ್ಸ್‌ನಲ್ಲಿ. ಬಲಭಾಗವನ್ನು 2006ರ ಡಬ್ಲ್ಯುಪಿಎಫ್‌ನಲ್ಲಿ. ಹಳೆಯದರೊಳಗೆ ಹೊಸದನ್ನು ಕೂರಿಸಲು ಎಲಿಮೆಂಟ್‌ಹೋಸ್ಟ್ ಎಂಬ ಪೀಠವಿದೆ. ಆದರೆ ಇವೆರಡೂ ಚಿತ್ರ ಬಿಡಿಸುವ ಬಗೆಯೇ ಬೇರೆ. ಮೊದಲನೆಯದು ಹಿನ್ನೆಲೆಯನ್ನು ಬಳಿದು, ಅದರ ಮೇಲೆ ಕೂಡಲೇ ಬರೆಯುತ್ತದೆ. ಎರಡನೆಯದು ತನ್ನದೇ ಬೇರೊಂದು ಎಳೆಯಲ್ಲಿ, ಡೈರೆಕ್ಟ್‌ಎಕ್ಸ್ ಮೂಲಕ, ತನ್ನ ಗತಿಯಲ್ಲಿ ಬರೆಯುತ್ತದೆ. ಅಂಗಳ ಸಾರಿಸುವವರು ಒಬ್ಬರು, ರಂಗೋಲಿ ಇಡುವವರು ಇನ್ನೊಬ್ಬರು. ನಡುವೆ ಬಾಗಿಲು ತೆರೆದವರಿಗೆ ಕಾಣುವುದು ಬರಿಯ ಅಂಗಳ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಬಾರಿ ಹೊಸದಾಗುವುದರಿಂದ, ಒಂದೆರಡು ಸುತ್ತಿನ ವಿಳಂಬವೂ ಕಣ್ಣಿಗೆ ತಟ್ಟುತ್ತದೆ.

ಎಲ್ಲರೂ ಹೇಳುವ ಮದ್ದು ಡಬಲ್ ಬಫರಿಂಗ್: ಚಿತ್ರವನ್ನು ಮರೆಯಲ್ಲಿ ಪೂರ್ತಿಗೊಳಿಸಿ ಒಮ್ಮೆಲೇ ಪರದೆಗೆ ತರುವುದು. ಅದನ್ನು ಮಾಡಿದೆವು. ಪದಪಟ್ಟಿ ಶಾಂತವಾಯಿತು, ಬಲಭಾಗ ಮಿನುಗುತ್ತಲೇ ಇತ್ತು. ಆ ಏರ್ಪಾಡು ಒಂದು ಘಟಕದ ಸ್ವಂತ ಬರೆಹಕ್ಕಷ್ಟೇ ಅನ್ವಯಿಸುತ್ತದೆ. ಅದರೊಳಗೆ ಕೂತ ಬೇರೆ ಕಿಟಕಿಗೆ ತಲುಪುವುದಿಲ್ಲ.

ನಿಜವಾದ ದೋಷ ನಮ್ಮದೇ ಆಗಿತ್ತು. ಪ್ರತಿ ಪದಕ್ಕೂ ಹಳೆಯ ಪೀಠವನ್ನು ಕಿತ್ತು ಹೊಸದನ್ನು ಹೂಡುತ್ತಿದ್ದೆವು. ಹೊಸ ಪೀಠದಲ್ಲಿ ಮೊದಲ ಚಿತ್ರ ಮೂಡುವವರೆಗೆ ಬಿಳಿಯ ನೆಲವೇ ಕಾಣುತ್ತಿತ್ತು. ತಂತ್ರಾಂಶ ತೆರೆದಾಗ ಒಮ್ಮೆ ಮಾತ್ರ ಪೀಠವನ್ನು ರಚಿಸಿ, ಅದರೊಳಗಿನ ಪಠ್ಯವನ್ನಷ್ಟೇ ಬದಲಿಸತೊಡಗಿದೆವು. ಹೊರಚೌಕಟ್ಟು, ಪೀಠ, ಒಳಭಾಗ ಮೂರಕ್ಕೂ ಒಂದೇ ತಿಳಿಹಳದಿ ಬಣ್ಣ ಕೊಟ್ಟೆವು. ಹಿನ್ನೆಲೆ ಕ್ಷಣಕಾಲ ಇಣುಕಿದರೂ ಈಗ ಕಣ್ಣಿಗೆ ಬೀಳದು.

ಇನ್ನೊಂದು ಆಸೆಯನ್ನು ಬಿಡಬೇಕಾಯಿತು. ಬಲಭಾಗದ ಮೇಲೆ ವಿಂಡೋಸ್ ಫಾರ್ಮ್ಸ್‌ನ ಅರೆಪಾರದರ್ಶಕ ಟಿಪ್ಪಣಿಯೊಂದನ್ನು ತೇಲಿಸಬೇಕೆಂದಿದ್ದೆವು. ಒಂದು ಕಿಟಕಿಯೊಳಗೆ ಪ್ರತಿ ಪಿಕ್ಸೆಲ್‌ಗೂ ಒಬ್ಬನೇ ಒಡೆಯ. ಇಬ್ಬರ ಬಣ್ಣಗಳು ಅಲ್ಲಿ ಬೆರೆಯವು. ತಂತ್ರಜ್ಞರು ಇದನ್ನು ವಿಮಾನಯಾನದಿಂದ ಎರವಲು ಪಡೆದ ಮಾತಿನಲ್ಲಿ ‘ಏರ್‌ಸ್ಪೇಸ್’ ಸಮಸ್ಯೆ ಎನ್ನುತ್ತಾರೆ. ಟಿಪ್ಪಣಿಯನ್ನು ಡಬ್ಲ್ಯುಪಿಎಫ್‌ನ ಪಾಲಿಗೇ ಒಪ್ಪಿಸಿದೆವು.

ಕಿಟಕಿಯ ಅಂಚನ್ನು ಎಳೆದು ಹಿಗ್ಗಿಸಿದರೆ ಇಂದಿಗೂ ತುಸು ನಡುಕವಿದೆ. ಆದ್ದರಿಂದ ಅದರ ಅಳತೆಯನ್ನೇ ಸ್ಥಿರಗೊಳಿಸಿದ್ದೇವೆ. ಹಿರಿಯರು ಈಗ ಏಳುವುದಿಲ್ಲ. ನಾವು ಬರೆದುಕೊಂಡ ಪದಗಳನ್ನು ನಿಧಾನವಾಗಿ ತಿದ್ದುತ್ತ ಕೂರುತ್ತಾರೆ.