ನೀರು ನೋಡಿ ಗಾಳಕ್ಕೆ ಎರೆ



ಹೊಲದ ಕೆಲಸದ ನಡುವೆ ನಾಲ್ಕು ದಿನ ಬಿಡುವು ಸಿಕ್ಕರೆ ಸಾಕು, ಮೀನು ತಿನ್ನುವ ಮನೆಗಳಲ್ಲಿ ಮೂಲೆಯ ಗಾಳ ಹೊರಗೆ ಬರುತ್ತದೆ. ಸಂಜೆತನಕ ದಂಡೆಯ ಮೇಲೆ ಕೂತು ಬರಿಗೈಲೆ ಬಂದವರು, "ಇವತ್ತ ಹೊಳಿಯಾಗ ಮೀನ ಇಲ್ರಿ" ಅಂತಾರೆ. ಮೀನು ಇರುತ್ತದೆ. ನೀವು ಇಟ್ಟ ಎರೆ ಅದಕ್ಕೆ ಗೊತ್ತಾಗಿಲ್ಲ, ಅಷ್ಟೆ. ನಮ್ಮ ಕಡೆ ಎರೆ ಅಂದರೆ ಕರಿಭೂಮಿಯೂ ಹೌದು, ಗಾಳಕ್ಕೆ ಸಿಕ್ಕಿಸುವ ತಿನಿಸೂ ಹೌದು. ಈ ಎರಡಕ್ಕೂ ನಂಟಿದೆ, ಕೇಳಿರಿ.

ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರಿನ ಹತ್ತಿರ ಎಂ. ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲದ ಸೀಮೆಯಲ್ಲಿ ಹರಿದು, ಸವದತ್ತಿಯ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತದೆ. ಅಲ್ಲಿಂದ ಬಿಟ್ಟ ನೀರು ರಾಮದುರ್ಗದ ಕಡೆ ಹೋಗುತ್ತದೆ. ಮಳೆಗಾಲದಲ್ಲಿ ಎರೆಹೊಲದ ಮಣ್ಣು ಹಳ್ಳಗಳಿಂದ ಕೊಚ್ಚಿ ಬಂದು ಹೊಳೆ ಕದಡುತ್ತದೆ. ಮಣ್ಣಿನ ಕಣ ಬೆಳಕನ್ನು ತಡೆಯುವುದರಿಂದ ಮೀನಿಗೆ ದೂರದ್ದು ಕಾಣಿಸುವುದಿಲ್ಲ.

ನೀರು ಎಷ್ಟು ಕದಡಿದೆ ಎಂದು ನೋಡಲು ಸುಲಭದ ಉಪಾಯವಿದೆ. ದಂಡೆಯಲ್ಲಿ ಕೂತು ಅಂಗೈ ಮೇಲೆ ಮಾಡಿ ಕೈಯನ್ನು ನೀರಿಗೆ ಇಳಿಸಿರಿ. ಮೊಣಕೈ ಮುಳುಗುವುದರೊಳಗೆ ಅಂಗೈ ಕಾಣದಂತಾದರೆ ಕದಡಿದ ನೀರು. ಮೊಣಕೈ ಮುಳುಗಿದ ಮೇಲೂ ಬೆರಳು ಎಣಿಸಲು ಬಂದರೆ ತಿಳಿನೀರು.

ಕದಡಿದ ನೀರಿನಲ್ಲಿ ವಾಸನೆಯೇ ದಾರಿ. ಬಾಳೆ ಮೀನು, ಚೇಳು ಮೀನುಗಳಂಥ ಮೀಸೆಯ ಮೀನು ಕಣ್ಣಿಗಿಂತ ಮೀಸೆಯಿಂದ, ಮೂಗಿನಿಂದ ಆಹಾರ ಹುಡುಕುತ್ತವೆ. ಇವಕ್ಕೆ ಎರೆಹುಳು, ಕೋಳಿಯ ಕರುಳು ಒಳ್ಳೆಯದು. ಕೆಸರಲ್ಲಿ ಮೇಯುವ ಮೃಗಾಲಿಗೆ ಶೇಂಗಾ ಹಿಂಡಿಯನ್ನು ಜೋಳದ ಹಿಟ್ಟಿನ ಜೊತೆ ನಾದಿ, ಗಟ್ಟಿ ಉಂಡೆ ಮಾಡಿ, ತಳಕ್ಕೆ ಮುಟ್ಟುವಂತೆ ಬಿಡಿರಿ. ಉಂಡೆ ಮೆತ್ತಗಾದರೆ ನೀರಿಗೆ ಬಿದ್ದ ಕೂಡಲೆ ಕರಗಿ ಬರಿ ಗಾಳ ಉಳಿಯುತ್ತದೆ. ಚೇಳು ಮೀನನ್ನು ಗಾಳದಿಂದ ಬಿಡಿಸುವಾಗ ಹುಷಾರು. ಪಕ್ಕದ ರೆಕ್ಕೆಯ ಮುಳ್ಳು ಚುಚ್ಚಿದರೆ ಕೈ ಬಾತು ಉರಿಯುತ್ತದೆ.

ದಸರೆ, ದೀಪಾವಳಿ ಕಳೆದು ಮಣ್ಣು ತಳಕ್ಕೆ ಕೂತಮೇಲೆ ಆಟ ಬೇರೆ. ಈಗ ಮೀನು ಕಣ್ಣಿಂದ ನೋಡುತ್ತದೆ, ನಿಮ್ಮನ್ನೂ ನೋಡುತ್ತದೆ! ದಂಡೆಯ ಮೇಲೆ ನೆರಳು ಬೀಳದ ಹಾಗೆ ಕೂಡ್ರಿ. ದಾರ ಸಣ್ಣದಿರಲಿ, ಬೆಂಡು ಹಗುರಿರಲಿ. ಪೇಟೆಯಲ್ಲಿ ಸಿಗುವ ಹೊಳೆಯುವ ತಗಡಿನ ಎರೆ ಬಿಸಿಲಿದ್ದಾಗ ತಿಳಿನೀರಿನಲ್ಲಿಯೇ ಕೆಲಸಕ್ಕೆ ಬರುತ್ತದೆ. ಎಳೆದಾಗ ಅದು ಸಣ್ಣ ಮೀನಿನಂತೆ ಮಿಂಚುತ್ತದೆ. ಮೋಡ ಮುಚ್ಚಿದ ದಿನ ಅದಕ್ಕೆ ಕೊಟ್ಟ ರೊಕ್ಕ ದಂಡ. ಸಂಜೆ ಕತ್ತಲಾಗುವ ಹೊತ್ತಿಗೆ ಕಪ್ಪು ಬಣ್ಣದ ಎರೆಯೇ ಮೇಲು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿಗೆ ಅಡ್ಡವಾಗಿ ಅದರ ಆಕಾರ ಕಾಣುತ್ತದೆ. ನೀರು ಅರೆಗದಡಾಗಿದ್ದರೆ ನೀರನ್ನು ಅಲುಗಿಸುವ ಎರೆ ಹಾಕಿರಿ. ಮೀನು ಹಸನು ಮಾಡುವಾಗ ಅದರ ಪಕ್ಕಕ್ಕೆ ಉದ್ದಕ್ಕೂ ಒಂದು ಗೆರೆ ಇರುವುದನ್ನು ತಾಯಂದಿರು ಕಂಡಿರಬೇಕು; ನೀರಿನ ಅಲುಗಾಟ ಮೀನಿಗೆ ತಿಳಿಯುವುದು ಅದರಿಂದಲೇ.

ಚಳಿಗಾಲದ ಬೆಳಗ್ಗೆ ಮೀನು ಜಡವಾಗಿರುತ್ತದೆ. ಮಧ್ಯಾಹ್ನ ಸಣ್ಣ ಎರೆ ಹಾಕಿ, ನಿಧಾನ ಎಳೆಯಿರಿ.

ಬೇಸಿಗೆಯಲ್ಲಿ ಕೆರೆ, ಮಡು ಬತ್ತಿ, ನೀರು ಕಾದು, ಉಸಿರಾಡುವ ಗಾಳಿ ಅದರಲ್ಲಿ ಕಡಿಮೆಯಾಗುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವೆಯಿಂದಲ್ಲ. ಆಗ ಯಾವ ಎರೆಯೂ ನಾಟುವುದಿಲ್ಲ. ಮುರಲ್ ಮೀನು ಮಾತ್ರ, ಕೆಲವರು ಕೊರವ ಎನ್ನುತ್ತಾರೆ, ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಅದಕ್ಕೆ ರಬ್ಬರಿನ ಕಪ್ಪೆಯನ್ನು ಜೊಂಡಿನ ಅಂಚಿನಲ್ಲಿ ಕುಪ್ಪಳಿಸುವಂತೆ ಎಳೆಯಬೇಕು. ಜೀವಂತ ಕಪ್ಪೆ ಹಾಕುವುದು ಬೇಡ್ರಿ, ಅದು ನಿಮ್ಮ ಹೊಲದ ಹುಳ ತಿನ್ನುವ ಜೀವ. ಇನ್ನೊಂದು ಮಾತು: ನೀರಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಎರೆಯ ಮೇಲೆ ಸಿಟ್ಟಿನಿಂದ ಹಾರುವುದರಿಂದ ಹಿಡಿಯುವುದು ಬಲು ಸುಲಭ. ಹಿಡಿದಿರೋ, ಆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ. ಬರುವ ವರ್ಷ ನಿಮ್ಮ ಕೆರೆಯಲ್ಲಿ ಮುರಲ್ ಇರಬೇಕಾದರೆ ಆ ಜಾಗ ಬಿಟ್ಟು ಮುಂದೆ ಹೋಗಿರಿ.

ರಾಮದುರ್ಗದ ಕಡೆಯವರಿಗೆ ಬೇರೆಯಾಗಿ ಹೇಳಬೇಕಾದದ್ದಿದೆ. ಆಣೆಕಟ್ಟಿನ ಕೆಳಗೆ ಮಳೆ ಇಲ್ಲದೆಯೂ ನೀರು ಏರುತ್ತದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರಿನಲ್ಲಿ ಹೊಳೆದಂಡೆಯ ಊರುಗಳಿಗೆ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಿಳಿಯಾಗಿದ್ದ ನೀರು ನೋಡನೋಡುತ್ತ ಕದಡಿ, ಕಸಕಡ್ಡಿ ತೇಲಿ ಬಂದರೆ ಎರೆ ಬದಲಿಸುತ್ತ ಕೂಡ್ರಬೇಡಿರಿ. ಮಕ್ಕಳನ್ನು ಕರಕೊಂಡು ದಂಡೆ ಹತ್ತಿರಿ. ನೀರು ಬಿಡುವ ಡಂಗುರ ಕೇಳಿದ ದಿನ ಗಾಳ ಮನೆಯಲ್ಲೇ ಇರಲಿ.

ಕಷ್ಟಪಡದೆ ಬುಟ್ಟಿ ತುಂಬಲೆಂದು ಮಡುವಿಗೆ ಬೆಳೆಯ ಔಷಧ ಸುರಿಯುವವರೂ ಇದ್ದಾರೆ. ವಿಷ ಹಾಕಿ, ಮದ್ದು ಸಿಡಿಸಿ ಮೀನು ಹಿಡಿಯುವುದನ್ನು 1897ರಷ್ಟು ಹಿಂದೆಯೇ ಕಾಯಿದೆ ಅಪರಾಧವೆಂದಿತು. ಆ ನೀರನ್ನು ನಿಮ್ಮ ಎಮ್ಮೆ ಕುಡಿಯುತ್ತದೆ, ಆ ಮೀನನ್ನು ನಿಮ್ಮ ಮಗು ತಿನ್ನುತ್ತದೆ.

ಜಲಾಶಯದಲ್ಲಿ, ಗುತ್ತಿಗೆ ಕೊಟ್ಟ ಕೆರೆಯಲ್ಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪರವಾನಗಿಯ ವಿಷಯ ವಿಚಾರಿಸಿರಿ. ಹರಿದ ದಾರ, ಮುರಿದ ಗಾಳ ದಂಡೆಯಲ್ಲಿ ಬಿಟ್ಟರೆ ದನದ ಕಾಲಿಗೆ ಸಿಗುತ್ತದೆ, ಆರಿಸಿ ತನ್ನಿರಿ. ಒಳ್ಳೆಯ ಗಾಳವನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿ, ಬೆಂಡಿನ ತುಂಡಿಗೆ ಚುಚ್ಚಿ ಮಕ್ಕಳ ಕೈಗೆ ಸಿಗದಂತೆ ಮೇಲಿಡಿರಿ.