ಶಾಲೆ ಗೇಟಿಗೆ ಬಂದೂಕು ಬೇಕಾ?

ಸುರಪುರಕ್ಕೆ ಬಂದೂಕು ಹೊಸದೇನಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಜೊತೆ ಬ್ರಿಟಿಷರಿಗೆ ಎದೆಯೊಡ್ಡಿದ ಊರಿದು. ಆದರೆ ಶಾಲೆ ಗೇಟಿಗೆ ಬಂದೂಕು ಬೇಕಾ?

2023ರ ಡಿಸೆಂಬರ್ 1. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್. ಎಲ್ಲಾ ಹುಸಿ. ಅವತ್ತು ಮಕ್ಕಳನ್ನು ಹೊರಗೆ ಕರೆತಂದವರು ಟೀಚರ್‌ಗಳು.

ಅಮೆರಿಕದ ಯುವಾಲ್ಡಿಯಲ್ಲಿ, 2022ರಲ್ಲಿ, ಶಾಲೆಗೆ ಬಂದೂಕುಧಾರಿ ನುಗ್ಗಿದಾಗ ಬಂದೂಕು ಹಿಡಿದ ಪೊಲೀಸರೇ 77 ನಿಮಿಷ ಕಾದು ನಿಂತರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಉಳಿಯಲಿಲ್ಲ.

ಯಾದಗಿರಿ, ಶಹಾಪುರದ ಹಳ್ಳಿ ಶಾಲೆಗೆ ಮೊದಲು ಬೇಕಾದದ್ದು ಗಟ್ಟಿ ಕಂಪೌಂಡು, ಬೀಗ ಬೀಳೋ ಗೇಟು, ಒಬ್ಬ ಕಾವಲುಗಾರ. ಹೊಸ ಮುಖ ಕಂಡರೆ ‘ಯಾರ್ ಬೇಕಾಗಿತ್ರಿ?’ ಅಂತ ಸೌಟು ಹಿಡಿದೇ ಕೇಳೋ ಬಿಸಿಯೂಟದ ಅಕ್ಕನ ಕಣ್ಣೂ ದೊಡ್ಡ ಕಾವಲೇ.

ಮಕ್ಕಳಿಗೆ ಅಪಾಯ ಅನ್ನಿಸಿದರೆ ತಡಮಾಡಬೇಡಿ. 1098 ಅಥವಾ 112ಕ್ಕೆ ಫೋನ್ ಮಾಡಿ.