ಮರದ ಬುಡದಲ್ಲಿ ನಿಂತವರ ಹೊಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬದುಕು ತೆಂಗಿನ ಮರವನ್ನು ಆಶ್ರಯಿಸಿ ನಿಂತಿದೆ. ಹಾಲ್ಕುರಿಕೆಯಂಥ ಊರುಗಳಲ್ಲಿ ಮಗಳ ಮದುವೆ, ಮಗನ ಓದು, ಮನೆಯ ದುರಸ್ತಿ ಎಲ್ಲವೂ ಅಟ್ಟದ ಮೇಲಿನ ಕೊಬ್ಬರಿಯ ಲೆಕ್ಕವನ್ನು ಅವಲಂಬಿಸಿರುತ್ತವೆ. ಬಲಿತ ಕಾಯಿಗಳನ್ನು ಕೆಡವಿ, ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು ಇಲ್ಲಿಯ ಪದ್ಧತಿ. ಕೊಬ್ಬರಿಯ ಧಾರಣೆ ಪತ್ರಿಕೆಗಳಲ್ಲಿ ತಪ್ಪದೆ ಪ್ರಕಟವಾಗುತ್ತದೆ. ಆ ಕೊಬ್ಬರಿಯ ಹಿಂದಿರುವ ದುಡಿಮೆಯ ಅಪಾಯಗಳು ಮಾತ್ರ ಯಾರಾದರೂ ಮರದಿಂದ ಬಿದ್ದ ದಿನವಷ್ಟೇ ಸುದ್ದಿಯಾಗುತ್ತವೆ.

ಆ ಅಪಾಯಗಳು ಒಂದೆರಡಲ್ಲ. 50-60 ಅಡಿ ಎತ್ತರದ ಮರವನ್ನು ಬರಿಗೈಯಲ್ಲಿ ಏರುವವನಿಗೆ ಮಳೆಯಿಂದ ಜಾರುವ ಕಾಂಡ, ಹಿಡಿದೊಡನೆ ಕಳಚಿಕೊಳ್ಳುವ ಒಣಗಿದ ಗರಿ, ಸುಳಿಯಲ್ಲಿ ಗೂಡು ಕಟ್ಟಿದ ಕಣಜ ಇವೆಲ್ಲವೂ ಪ್ರಾಣಕ್ಕೆ ಎರವಾಗಬಲ್ಲವು. ಕೆಳಗೆ ಕಾಯಿ ಆಯುವವರ ತಲೆಯ ಮೇಲೆ ಗೊನೆ ಬೀಳಬಹುದು. ಲೋಹದ ದೋಟಿ ವಿದ್ಯುತ್ ತಂತಿಗೆ ತಗಲಬಹುದು. ನೆಲಕ್ಕೆ ನೆಟ್ಟ ಹಾರೆಯ ಮೊನೆಯಲ್ಲಿ ಕಾಯಿ ಸುಲಿಯುವಾಗ ಕೈ ಜಾರಬಹುದು. ನಾರಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಸೆರಗು ತಿರುಗುವ ಯಂತ್ರಕ್ಕೆ ಸಿಕ್ಕಿಕೊಳ್ಳಬಹುದು. ಈ ಕೆಲಸದಲ್ಲಿ ನುರಿತವರೆಲ್ಲರಿಗೂ ಇವು ತಿಳಿದಿವೆ. ತಿಳಿದೂ ಎಚ್ಚರ ತಪ್ಪುವುದೇಕೆ ಎಂಬುದೇ ನಾವು ಯೋಚಿಸಬೇಕಾದ ಪ್ರಶ್ನೆ.

ಅನುಭವ ಕಲಿಸುವ ತಪ್ಪು ಪಾಠ

ಅಜಾಗ್ರತೆ, ಉಡಾಫೆ ಎಂದು ಇದಕ್ಕೆ ಸುಲಭವಾದ ಉತ್ತರ ಕೊಡುವುದುಂಟು. ಆದರೆ ಮನುಷ್ಯನ ನಡವಳಿಕೆಯನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳದೆ ಮರ ಹತ್ತಿದವನಿಗೆ ಅಂದೇ ಒಂದು ಲಾಭ ದೊರೆಯುತ್ತದೆ. ಸಮಯ ಉಳಿಯುತ್ತದೆ, ಇನ್ನೂ ನಾಲ್ಕು ಮರಗಳ ಕೂಲಿ ಹೆಚ್ಚುತ್ತದೆ. ಅಪಾಯವಾದರೋ ಇಂದು ಬರಲಿಲ್ಲ, ನಾಳೆಯೂ ಬರಲಿಕ್ಕಿಲ್ಲ. ಹೀಗೆ ಸುರಕ್ಷಿತವಾಗಿ ಇಳಿದ ಪ್ರತಿಯೊಂದು ಮರವೂ ‘ಏನೂ ಆಗುವುದಿಲ್ಲ’ ಎಂಬ ಪಾಠವನ್ನು ಅವನಿಗೆ ಕಲಿಸುತ್ತಾ ಹೋಗುತ್ತದೆ. ನೂರು ಸಲ ಕಲಿತ ಆ ಪಾಠ ಸುಳ್ಳೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಮರದ ಬುಡದಲ್ಲಿ ನಿಂತಿರುವ ನಾವೂ ಅದೇ ಪಾಠವನ್ನೇ ಹೇಳಿಕೊಡುತ್ತೇವೆ. ತೋಟಕ್ಕೆ ಬಂದ ಯಜಮಾನರ ಮೊದಲ ಮಾತು ಸಾಮಾನ್ಯವಾಗಿ ‘ಎಷ್ಟು ಮರ ಆಯ್ತಪ್ಪಾ?’ ಎಂಬುದೇ ಆಗಿರುತ್ತದೆ. ಬೇಗ ಮುಗಿಸಿದವನಿಗೆ ಶಹಭಾಸ್‌ಗಿರಿ, ನಿಧಾನಿಸಿದವನಿಗೆ ಗೊಣಗಾಟ. ನಾವು ಯಾವುದನ್ನು ಕೇಳುತ್ತೇವೆಯೋ, ಯಾವುದನ್ನು ಮೆಚ್ಚುತ್ತೇವೆಯೋ, ದುಡಿಯುವವನು ಅದನ್ನೇ ಮಾಡುತ್ತಾನೆ. ಬೆಲ್ಟಿನ ಬಗ್ಗೆ ನಾವು ಒಂದು ದಿನವೂ ವಿಚಾರಿಸದಿದ್ದರೆ, ಅದು ಮುಖ್ಯವಲ್ಲವೆಂದು ನಮ್ಮ ಮೌನವೇ ಸಾರಿದಂತಾಗುತ್ತದೆ.

ಒಂದು ಬೇಕರಿಯ ಉದಾಹರಣೆ

ಮಾತಿನಿಂದ ನಡವಳಿಕೆ ಬದಲಾದೀತೇ ಎಂದು ಸಂದೇಹಿಸುವವರಿಗೆ ದೂರದ ಅಮೆರಿಕದ ಒಂದು ಅಧ್ಯಯನ ಉತ್ತರ ನೀಡುತ್ತದೆ. ಜುಡಿತ್ ಕೊಮಾಕಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿಗಳು ಬ್ರೆಡ್ಡು ಮೊದಲಾದ ತಿನಿಸುಗಳನ್ನು ತಯಾರಿಸುವ ದೊಡ್ಡ ಬೇಕರಿಯೊಂದರಲ್ಲಿ ಅದನ್ನು ನಡೆಸಿ 1978ರಲ್ಲಿ ಪ್ರಕಟಿಸಿದರು. ಅಲ್ಲಿಯ ಎರಡು ವಿಭಾಗಗಳಲ್ಲಿ ಕೆಲಸದ ಕ್ರಮಗಳ ಪೈಕಿ ಶೇಕಡ 70 ಮತ್ತು 78ರಷ್ಟು ಮಾತ್ರ ಸುರಕ್ಷಿತವಾಗಿದ್ದವು. ಸುರಕ್ಷಿತ ಕ್ರಮ ಯಾವುದೆಂದು ಕೆಲಸಗಾರರಿಗೆ ಚಿತ್ರಗಳ ಮೂಲಕ ಸ್ಪಷ್ಟವಾಗಿ ತೋರಿಸಲಾಯಿತು. ಅನಂತರ ಅವರ ಸಾಧನೆಯನ್ನು ಗೋಡೆಯ ಮೇಲಿನ ನಕ್ಷೆಯಲ್ಲಿ ಎಲ್ಲರಿಗೂ ಕಾಣುವಂತೆ ಗುರುತಿಸಲಾಯಿತು. ಮೇಲ್ವಿಚಾರಕರು ಸರಿಯಾಗಿ ಮಾಡಿದವರನ್ನು ಅಲ್ಲಲ್ಲಿಯೇ ಮೆಚ್ಚಿ ಮಾತನಾಡಿದರು. ಇಷ್ಟರಿಂದಲೇ ಆ ಪ್ರಮಾಣ ಶೇಕಡ 96 ಮತ್ತು 99ಕ್ಕೆ ಏರಿತು.

ಆದರೆ ಈ ಅಧ್ಯಯನದ ಹೆಚ್ಚಿನ ಪಾಠ ಅದರ ಮುಂದಿನ ಭಾಗದಲ್ಲಿದೆ. ನಕ್ಷೆಯಲ್ಲಿ ಗುರುತಿಸುವುದನ್ನೂ ಮೆಚ್ಚುಗೆಯ ಮಾತನ್ನೂ ನಿಲ್ಲಿಸಿದೊಡನೆ ಎರಡೂ ವಿಭಾಗಗಳು ಮರಳಿ ಹಿಂದಿನ ಮಟ್ಟಕ್ಕೇ ಇಳಿದವು! ಕೆಲಸಗಾರರು ತಿಳಿದುಕೊಂಡದ್ದನ್ನು ಮರೆತಿರಲಿಲ್ಲ. ಯಾರೂ ನೋಡುತ್ತಿಲ್ಲ, ಯಾರೂ ಕೇಳುತ್ತಿಲ್ಲ ಎಂಬುದಷ್ಟೇ ಬದಲಾಗಿತ್ತು. ವರ್ಷಕ್ಕೊಮ್ಮೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಮಾಡಿ ಉಳಿದ ದಿನಗಳಲ್ಲಿ ಸುಮ್ಮನಾಗುವ ಸಂಸ್ಥೆಗಳು ಇದನ್ನು ಗಮನಿಸಬೇಕು. ಎಚ್ಚರಿಕೆಯ ಮಾತು ನಿತ್ಯದ ಅಡುಗೆಗೆ ಉಪ್ಪಿದ್ದಂತೆ. ನಿನ್ನೆ ಹಾಕಿದ್ದು ಇಂದಿಗೆ ಒದಗುವುದಿಲ್ಲ.

ಉಪಕರಣ ಇದ್ದರೆ ಸಾಲದು

ಮರ ಹತ್ತುವವರ ರಕ್ಷಣೆಗೆ ಉಪಾಯಗಳೇ ಇಲ್ಲವೆಂದಲ್ಲ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬವರು ತೆಂಗಿನ ಮರ ಹತ್ತುವ ಸಾಧನವೊಂದನ್ನು ರೂಪಿಸಿದರು. ಮರವನ್ನು ಸುತ್ತಿ ಬಿಗಿಯುವ ತಂತಿಹಗ್ಗಕ್ಕೆ ಜೋಡಿಸಿದ ಎರಡು ಚೌಕಟ್ಟುಗಳ ಮೇಲೆ ಪಾದವೂರಿ, ಒಂದಾದ ಮೇಲೊಂದನ್ನು ಮೇಲಕ್ಕೆ ಸರಿಸುತ್ತಾ ಮೆಟ್ಟಿಲೇರಿದಂತೆ ಏರುವ ಈ ಸಾಧನ ಇಂದು ಅವರ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬರ್ಥದ ತರಬೇತಿ ಯೋಜನೆಯನ್ನು ಆರಂಭಿಸಿ ಯುವಕರಿಗೆ ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಕಲಿಸಿತು. ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ಮಂಡಳಿ ಜಾರಿಗೆ ತಂದು, ಕಂತಿನ ಹೆಚ್ಚಿನ ಪಾಲನ್ನು ತಾನೇ ಭರಿಸಿತು.

ಆದರೂ ಯಂತ್ರವನ್ನು ಮನೆಯ ಮೂಲೆಯಲ್ಲಿರಿಸಿ ಬರಿಗಾಲಲ್ಲಿ ಮರ ಹತ್ತುವವರಿದ್ದಾರೆ. ಪ್ರತಿ ಮರಕ್ಕೂ ಯಂತ್ರವನ್ನು ಬಿಗಿದು ಬಿಚ್ಚಬೇಕು. ನುರಿತವನಿಗೆ ಅದು ಕಾಲಹರಣವೆನಿಸುತ್ತದೆ. ಮರಕ್ಕಿಷ್ಟು ಎಂದು ಕೂಲಿ ಕೊಡುವಾಗ ಆ ಹತ್ತು ನಿಮಿಷದ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟಿದರೆ ಅವನು ಯಂತ್ರವನ್ನೇಕೆ ಮುಟ್ಟಿಯಾನು? ಕಡಿಮೆ ಮರ ಹತ್ತಿದರೂ ಪೂರ್ತಿ ದಿನಗೂಲಿ ಸಿಗುತ್ತದೆಂಬ ಭರವಸೆ ಯಜಮಾನರಿಂದ ಬಂದರೆ, ಅದು ಸಾವಿರ ಬುದ್ಧಿವಾದಗಳಿಗಿಂತ ಮಿಗಿಲಾದೀತು.

ತಪ್ಪು ಯಾರದು?

ಇಲ್ಲಿ ಒಂದು ಎಚ್ಚರ ಅಗತ್ಯ. ನಡವಳಿಕೆಯೇ ಮುಖ್ಯವೆಂದೊಡನೆ ಅಪಘಾತದ ಹೊಣೆಯನ್ನೆಲ್ಲಾ ಬಿದ್ದವನ ಮೇಲೆಯೇ ಹೊರಿಸುವ ಪ್ರವೃತ್ತಿ ಹುಟ್ಟುತ್ತದೆ. 1931ರಲ್ಲಿ ಅಮೆರಿಕದ ವಿಮಾ ಸಂಸ್ಥೆಯೊಂದರ ಅಧಿಕಾರಿ ಹೈನ್ರಿಕ್, ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ಕೃತ್ಯಗಳೇ ಕಾರಣವೆಂದು ತಮ್ಮ ಗ್ರಂಥದಲ್ಲಿ ಬರೆದರು. ಆ ಲೆಕ್ಕಕ್ಕೆ ಮೇಲ್ವಿಚಾರಕರ ವರದಿಗಳು ಆಧಾರವಾಗಿದ್ದವೆಂದೂ, ಅದನ್ನು ಹಾಗೆಯೇ ಒಪ್ಪಲಾಗದೆಂದೂ ಮುಂದಿನ ವಿದ್ವಾಂಸರು ಆಕ್ಷೇಪಿಸಿದರು. ಅಪಘಾತದ ವರದಿ ಬರೆಯುವ ಲೇಖನಿ ಸಾಮಾನ್ಯವಾಗಿ ಗಾಯಗೊಂಡವನ ಕೈಯಲ್ಲಿರುವುದಿಲ್ಲವಷ್ಟೆ.

ಪ್ರಭು ಯೇಸುವಿನ ಕಾಲದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತ ಸಂಗತಿಯನ್ನು ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸತ್ತವರು ಮಿಕ್ಕವರಿಗಿಂತ ಹೆಚ್ಚು ದೋಷಿಗಳೆಂಬ ಎಣಿಕೆಯನ್ನು ಪ್ರಭು ತಳ್ಳಿಹಾಕಿ, ಪರಿವರ್ತನೆಯ ಕರೆಯನ್ನು ಬದುಕುಳಿದವರತ್ತ ತಿರುಗಿಸುತ್ತಾರೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವಂತೂ ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಪಿಡಿಗೋಡೆ ಕಟ್ಟಿಸಲೇಬೇಕೆಂದು ವಿಧಿಸುತ್ತದೆ. ಇಲ್ಲವಾದರೆ ಬಿದ್ದು ಸತ್ತವನ ರಕ್ತದ ಹೊಣೆ ಆ ಮನೆಯ ಮೇಲಿರುತ್ತದೆ. ಬೀಳುವವನು ಎಚ್ಚರವಾಗಿರಬೇಕಿತ್ತು ಎಂಬ ವಾದಕ್ಕೆ ಅಲ್ಲಿ ಆಸ್ಪದವಿಲ್ಲ.

ಮೇಲಿನವರು ಕೆಳಗಿನವರಿಗೆ ಹೇಳುವುದಷ್ಟೇ ಅಲ್ಲ, ಕೆಳಗಿನವರ ಮಾತನ್ನು ಮೇಲಿನವರು ಕೇಳುವುದೂ ಅಷ್ಟೇ ಅಗತ್ಯ. ಭೋಪಾಲದ ವಿಷಾನಿಲ ದುರಂತ 1984ರ ಡಿಸೆಂಬರಿನಲ್ಲಿ ಸಂಭವಿಸಿತು. ಅದಕ್ಕೆ ಎರಡು ವರ್ಷ ಮೊದಲೇ, 1982ರಲ್ಲಿ, ಪತ್ರಕರ್ತ ರಾಜಕುಮಾರ್ ಕೇಶ್ವಾನಿ ಆ ಕಾರ್ಖಾನೆಯ ಅಪಾಯವನ್ನು ಕುರಿತು ಬರೆದಿದ್ದರು, ಕೆಲಸಗಾರರೂ ಎಚ್ಚರಿಸಿದ್ದರು. ಆ ಮಾತುಗಳಿಗೆ ಕಿವಿಗೊಡುವವರಿರಲಿಲ್ಲ. ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ಸನ್ನಿಹಿತ ಅಪಾಯವನ್ನು ತಿಳಿಸುವ ಹಕ್ಕನ್ನು ಕೆಲಸಗಾರರಿಗೆ ಕೊಡಲಾಯಿತು. ತೆಂಗಿನ ತೋಟದಲ್ಲಿ ಅಂಥ ಸಮಿತಿಯಿಲ್ಲ, ದೂರಿನ ಪುಸ್ತಕವಿಲ್ಲ. ‘ಯಜಮಾನ್ರೇ, ಇವತ್ತು ಈ ಮರ ಬೇಡ’ ಎಂದು ಹೇಳಿದವನಿಗೆ ಅಂದಿನ ಕೂಲಿಯೂ ನಾಳೆಯ ಕರೆಯೂ ತಪ್ಪುವುದಿಲ್ಲ ಎಂಬ ನಂಬಿಕೆಯೇ ಅಲ್ಲಿಯ ಕಾಯಿದೆ.

ತಿದ್ದುವುದೂ ಪ್ರೀತಿಯ ಕಾರ್ಯ

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಜಗದ್ಗುರು 13ನೆಯ ಲಿಯೋರವರು 1891ರ ‘ರೇರುಂ ನೊವಾರುಂ’ ವಿಶ್ವಪರಿಪತ್ರದಲ್ಲಿ ದುಡಿಯುವವನ ಶಕ್ತಿಗೆ ಮೀರಿದ ದುಡಿಮೆಯನ್ನು ಖಂಡಿಸಿದರು. ಸಂತ ಎರಡನೆಯ ಜಾನ್ ಪಾಲರು 1981ರ ‘ಲಬೋರೆಂ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ದೇಹಾರೋಗ್ಯಕ್ಕೆ ಹಾನಿಯಾಗದ ಕೆಲಸದ ಪರಿಸರವನ್ನು ಕಾರ್ಮಿಕನ ಹಕ್ಕೆಂದು ಸಾರಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರು 14ನೆಯ ಲಿಯೋರವರು ತಮ್ಮ ಹೆಸರಿನ ಆಯ್ಕೆಗೆ ‘ರೇರುಂ ನೊವಾರುಂ’ ಬರೆದ ಲಿಯೋರವರನ್ನು ನೆನೆದದ್ದು ಗಮನಾರ್ಹ.

ಹಕ್ಕಿನ ಮಾತು ಹೀಗಿದ್ದರೆ, ಕರ್ತವ್ಯದ ಮಾತನ್ನು ಪೂಜಾವಿಧಿಯೇ ನೆನಪಿಸುತ್ತದೆ. ‘ಎ’ ವರ್ಷದ ಸಾಧಾರಣ ಕಾಲದ 23ನೆಯ ಭಾನುವಾರ ಎರಡು ವಾಚನಗಳನ್ನು ಜೊತೆಯಾಗಿ ಕೇಳುತ್ತೇವೆ. ಜನರನ್ನು ಎಚ್ಚರಿಸಬೇಕಾದ ಕಾವಲುಗಾರ ಮೌನವಾಗಿದ್ದರೆ ಅವನೇ ಉತ್ತರ ಹೇಳಬೇಕಾಗುತ್ತದೆಂದು ಪ್ರವಾದಿ ಯೆಜೆಕಿಯೇಲನ ವಾಚನ ತಿಳಿಸುತ್ತದೆ. ತಪ್ಪಿದ ಸೋದರನನ್ನು ಮೊದಲು ಏಕಾಂತದಲ್ಲಿ ಕಂಡು ತಿದ್ದಬೇಕೆಂದು ಸಂತ ಮತ್ತಾಯನ ಶುಭಸಂದೇಶ ಬೋಧಿಸುತ್ತದೆ. ಬೇಕರಿಯ ಅಧ್ಯಯನ ನಮ್ಮ ಕಾಲದಲ್ಲಿ ಕಂಡುಕೊಂಡದ್ದೂ ಇದಕ್ಕೆ ದೂರವಾದುದಲ್ಲ: ನೋಡಬೇಕು, ಹೇಳಬೇಕು, ಹೇಳುವಾಗ ಮನುಷ್ಯನ ಮಾನವನ್ನು ಕಾಯಬೇಕು.

ಹತ್ತು ಜನರೆದುರು ‘ಬುದ್ಧಿ ಇಲ್ಲವೇ?’ ಎಂದು ಗದರಿದರೆ ಕೇಳಿದವನ ಕಿವಿ ಮುಚ್ಚುತ್ತದೆ. ‘ನಿನ್ನ ಹಗ್ಗದ ಈ ಎಳೆ ಸವೆದಿದೆ, ಬದಲಿಸಿಯೇ ಹತ್ತು’ ಎಂದು ಹತ್ತಿರ ಹೋಗಿ ಹೇಳಿದರೆ ಅದು ಮನಸ್ಸಿಗೆ ನಾಟುತ್ತದೆ. ಸರಿಯಾಗಿ ಬೆಲ್ಟು ಕಟ್ಟಿದವನನ್ನು ಕಂಡಾಗ ಮೆಚ್ಚಿ ಒಂದು ಮಾತಾಡಲು ಖರ್ಚೇನೂ ಇಲ್ಲ. ಕೂದಲೆಳೆಯಲ್ಲಿ ತಪ್ಪಿಹೋದ ಅಪಾಯವನ್ನು ನಕ್ಕು ಮರೆಯದೆ, ಅದೇಕೆ ಒದಗಿತೆಂದು ಅಂದೇ ಕುಳಿತು ವಿಚಾರಿಸುವುದು ಜಾಣತನ.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ತೋಟದ ಒಡೆಯರೂ ಇದ್ದಾರೆ, ಕೂಲಿಗೆ ಹೋಗುವವರೂ ಇದ್ದಾರೆ, ಕಾರ್ಖಾನೆ ಆಸ್ಪತ್ರೆಗಳಲ್ಲಿ ದುಡಿಯುವವರೂ ಇದ್ದಾರೆ. ಸಂಜೆಯ ಜಪಸರಕ್ಕೆ ಎಲ್ಲರೂ ಕೂಡಿದಾಗ, ಅಂದಿನ ಸಂಪಾದನೆಯ ಜೊತೆಗೆ ಅಂದಿನ ಕೆಲಸದಲ್ಲಿ ಎದುರಾದ ಅಪಾಯವನ್ನೂ ವಿಚಾರಿಸುವ ರೂಢಿ ಬೆಳೆಯಲಿ. ದುಡಿದು ಬಂದವನು ಅದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವಂತಾಗಲಿ. ಜಗದ್ಗುರು 12ನೆಯ ಪಯಸ್‌ರವರು 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಆ ಹಬ್ಬದ ದಿನ ಧರ್ಮಕೇಂದ್ರಗಳಲ್ಲಿ ಉಪಕರಣಗಳನ್ನು ಆಶೀರ್ವದಿಸುವ ಮೊದಲು ಅವುಗಳ ಹಗ್ಗ, ಕೊಂಡಿ, ಹಿಡಿಗಳನ್ನು ಪರೀಕ್ಷಿಸಿದರೆ ಆ ಆಶೀರ್ವಾದಕ್ಕೆ ಊನವೇನೂ ಆಗದು. ತನ್ನ ಆರೈಕೆಗೆ ಒಪ್ಪಿಸಲಾದ ತಾಯಿ ಮಗುವನ್ನು ಎಚ್ಚರಿಕೆಗೆ ಓಗೊಟ್ಟು ರಾತ್ರೋರಾತ್ರಿ ಈಜಿಪ್ಟಿಗೆ ಕರೆದೊಯ್ದು ಕಾಪಾಡಿದವರು ಸಂತ ಜೋಸೆಫರು. ಸಕಾಲದಲ್ಲಿ ಎಚ್ಚರಿಸುವ ನಾಲಿಗೆಯನ್ನೂ, ಎಚ್ಚರಿಕೆಯನ್ನು ಆಲಿಸುವ ಕಿವಿಯನ್ನೂ ಅವರ ಬಿನ್ನಹದಿಂದ ದೇವರು ನಮಗೆ ಅನುಗ್ರಹಿಸಲಿ.